ಗರ್ಭಕೋಶದ ಗೋಡೆ ಅಳೆಯುತ್ತಿದ್ದ ಮೇಡಂ

ಮೇಡಂ ತೀರಿಕೊಂಡದ್ದು ನನಗೆ ಗೊತ್ತಾದದ್ದು ಮೂರನೆಯ ದಿನ. ಸುಳ್ಯದ ಒಂದು ಆಸ್ಪತ್ರೆಯ ನರ್ಸ್ ಯಾವುದೋ ಹಳೆಯ ರಿಪೋರ್ಟಿನ ಪ್ರತಿ ಬೇಕೆಂದು ಫೋನು ಮಾಡಿದ್ದಳು. ನಂಬರು ಬರೆದುಕೊಂಡೆ, ಸಂಜೆಯೊಳಗೆ ಕಳಿಸುತ್ತೇನೆ ಎಂದೆ. ಫೋನು ಇಡುವ ಮೊದಲು ಅವಳು, "ನಿಮ್ಮ ಮೇಡಂ ಹೋದ್ರಂತಲ್ಲ, ಪಾಪ" ಎಂದಳು. ನಾನು "ಎಲ್ಲಿಗೆ?" ಎಂದು ಕೇಳಿದೆ. ಕೇಳಿಯಾದ ಮೇಲೆ ಗೊತ್ತಾಯಿತು.

ಅವಳಿಗೂ ಪೂರ್ತಿ ತಿಳಿದಿರಲಿಲ್ಲ. ಸಂಪಾಜೆಯಲ್ಲಿ ಅಕ್ಕನ ಮನೆಯಲ್ಲಂತೆ, ಮೊನ್ನೆ ಬೆಳಿಗ್ಗೆಯಂತೆ, ಅದೇ ದಿನ ಎಲ್ಲ ಮುಗಿಸಿದರಂತೆ. ನಾನು ಫೋನಿಟ್ಟು, ಮೇಣ ಕರಗಿಸುವ ಪಾತ್ರೆಯ ಬಿಸಿ ಸರಿಯುಂಟೋ ಎಂದು ನೋಡಿದೆ. ಆ ದಿನ ಏಳು ಮೇಣದ ಬ್ಲಾಕ್ ಕತ್ತರಿಸಲಿಕ್ಕಿತ್ತು. ಕತ್ತರಿಸಿದೆ. ಯಾರ ಹತ್ತಿರ ಹೇಳುವುದು ಎಂದು ತಿಳಿಯಲಿಲ್ಲ. ಲ್ಯಾಬಿನಲ್ಲಿ ಅವರನ್ನು ಬಲ್ಲವಳು ನಾನೊಬ್ಬಳೇ ಉಳಿದಿದ್ದೆ. ಈಗ ವಾರಕ್ಕೆರಡು ದಿನ ಮಂಗಳೂರಿನಿಂದ ಬರುವ ಡಾಕ್ಟರು ಅವರನ್ನು ನೋಡಿದವರೇ ಅಲ್ಲ.

ಮೇಡಂ ಪುತ್ತೂರಿನ ನಮ್ಮ ಲ್ಯಾಬಿನ ಡಾಕ್ಟರಾಗಿದ್ದರು. ರೋಗಿಗಳ ಕೈ ಹಿಡಿದು ನಾಡಿ ನೋಡುವ ಡಾಕ್ಟರಲ್ಲ. ಆಪರೇಷನ್ನಿನಲ್ಲಿ ತೆಗೆದ ಭಾಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಇಂಥ ಕಾಯಿಲೆ ಎಂದು ಬರೆಯುವವರು. ಸುಳ್ಯ, ಕಡಬ, ಪುತ್ತೂರಿನ ಸಣ್ಣ ಸಣ್ಣ ಆಸ್ಪತ್ರೆಗಳಿಂದ ಬಿಳಿ ಡಬ್ಬಿಗಳಲ್ಲಿ ಫಾರ್ಮಲಿನ್ ತುಂಬಿಸಿ ಅವನ್ನು ಕಳಿಸುತ್ತಿದ್ದರು. ಮೇಡಂ ಅವನ್ನು ಕೊಯ್ದು ಬೇಕಾದ ತುಂಡು ಆರಿಸಿ ಕೊಡುತ್ತಿದ್ದರು. ಅದನ್ನು ಮೇಣದ ಬ್ಲಾಕಿನಲ್ಲಿ ಕೂರಿಸಿ, ಈರುಳ್ಳಿಯ ಸಿಪ್ಪೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿಗೆ ಅಂಟಿಸಿ ಬಣ್ಣ ಹಾಕುವುದು ನನ್ನ ಕೆಲಸ. ಇಚಿಲಂಪಾಡಿಯಿಂದ ಬಂದು ಆ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತಮೂರು. ಹದಿನಾಲ್ಕು ವರ್ಷ ನಾವಿಬ್ಬರು ಅಕ್ಕಪಕ್ಕದ ಎರಡು ಕೋಣೆಗಳಲ್ಲಿ ಕೂತು ಕೆಲಸ ಮಾಡಿದೆವು.

ಸಣ್ಣ ಆಳು. ಬಿಗಿಯಾಗಿ ಕಟ್ಟಿದ ಕೂದಲು. ನಾನು ಬರುವ ಮೊದಲೇ ಬಂದು ಕಿಟಕಿಗಳನ್ನೆಲ್ಲ ತಾವೇ ತೆರೆದಿಡುತ್ತಿದ್ದರು. ಮಧ್ಯಾಹ್ನ ಬಾಗಿಲು ಅರ್ಧ ಮುಚ್ಚಿ ಒಬ್ಬರೇ ಉಣ್ಣುತ್ತಿದ್ದರು. ಒಂದೂಕಾಲಕ್ಕೆ ತೊಳೆದ ಬುತ್ತಿಪಾತ್ರೆ ಕಿಟಕಿಯ ದಂಡೆಯಲ್ಲಿ ಕವಚಿ ಇರುತ್ತಿತ್ತು. ಮದುವೆಯಾಗಿರಲಿಲ್ಲ. ಲ್ಯಾಬಿನಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಮಹಡಿಯ ಮೇಲೆ ಬಾಡಿಗೆಗಿದ್ದರು. ಸಂಪಾಜೆಯ ಅಕ್ಕ ಭಾನುವಾರ ಮತ್ತು ಬುಧವಾರ ಫೋನು ಮಾಡುತ್ತಿದ್ದರು. ಆಗ ಮಾತ್ರ ಮೇಡಂ ತಮ್ಮ ಮನೆಮಾತಾದ ಅರೆಭಾಷೆ ಮಾತಾಡುವುದು ಕೇಳಿಸುತ್ತಿತ್ತು. ನನಗೆ ಆ ಭಾಷೆ ಪೂರ್ತಿ ಬರುವುದಿಲ್ಲ, ಆದರೆ ಪ್ರತಿ ಸಲ ಅವರು ಹೇಳುವ ಒಂದು ಮಾತು ಬಾಯಿಪಾಠವಾಗಿತ್ತು: "ಎಲ್ಲ ಲಾಯ್ಕ ಉಟ್ಟು." ಎಲ್ಲ ಚೆನ್ನಾಗಿದೆ ಎಂದು.

ನನ್ನ ಮನೆಯ ವಿಷಯ ಅವರು ಕೇಳಿದವರಲ್ಲ. ಮಗಳು ಹುಟ್ಟಿ ನಾನು ರಜೆ ಮುಗಿಸಿ ಬಂದ ದಿನ ಮೇಜಿನ ಮೇಲೆ ಒಂದು ಥರ್ಮಾಮೀಟರ್ ಇಟ್ಟಿದ್ದರು. ಬಟ್ಟೆ ಎಲ್ಲರೂ ಕೊಡ್ತಾರೆ, ಇದನ್ನು ಯಾರೂ ಕೊಡುದಿಲ್ಲ ಎಂದರು.

ಡಬ್ಬಿಯ ಜೊತೆ ಬರುವ ಫಾರಂನಲ್ಲಿ ಒಂದು ಖಾಲಿ ಗೆರೆ ಕಂಡರೂ ಅವರಿಗೆ ಸಿಟ್ಟು ಬರುತ್ತಿತ್ತು. ಮುಟ್ಟು ನಿಂತು ಎಷ್ಟು ವರ್ಷ, ಆಮೇಲೆ ರಕ್ತ ಹೋಗಿದೆಯೇ, ಎಷ್ಟು ದಿನದಿಂದ? ಈ ಗೆರೆ ಖಾಲಿ ಬಿಟ್ಟು ಕಳಿಸಿದ ಆಸ್ಪತ್ರೆಗೆ ತಾವೇ ಫೋನು ಹಚ್ಚುತ್ತಿದ್ದರು. ನಿಂತ ಮೇಲೆ ಒಂದು ತೊಟ್ಟು ಕಂಡರೂ ಕೇಳಬೇಕು, ಕೇಳಿದ್ದನ್ನು ಬರೆಯಬೇಕು ಎಂದು ಎಳೆಯ ಡಾಕ್ಟರುಗಳಿಗೆ ಪಾಠ ಮಾಡುತ್ತಿದ್ದರು. ಸಿಟ್ಟು ಬಂದಾಗ ಅವರ ಕನ್ನಡ ಪುಸ್ತಕದ ಕನ್ನಡವಾಗುತ್ತಿತ್ತು.

ಗರ್ಭಕೋಶದ ಕ್ಯಾನ್ಸರಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅವರು ಹೇಳಿಕೊಟ್ಟದ್ದು. ಕಲಿಸಲೇಬೇಕೆಂದೇನೂ ಇರಲಿಲ್ಲ, ಬರೀ ಕತ್ತರಿಸುವವಳಿಗೆ ಅದು ಬೇಕಾಗಿಯೂ ಇರಲಿಲ್ಲ. ಆದರೂ ಕೆಲಸ ಕಡಿಮೆಯಿದ್ದ ಒಂದು ಮಧ್ಯಾಹ್ನ ಕರೆದು, ಇಬ್ಬರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕದ ಆಚೆ ಬದಿಯಲ್ಲಿ ಕೂರಿಸಿದರು. ನೀನು ಕತ್ತರಿಸುದು ಎಂತಕ್ಕೆ ಅಂತ ನಿನಗೆ ಗೊತ್ತಿರಬೇಕಲ್ಲ ಎಂದರು.

ಗರ್ಭಕೋಶ ದಪ್ಪ ಗೋಡೆಯ ಒಂದು ಚೀಲ. ಒಳಗೆ ತೆಳ್ಳನೆಯ ಪದರ, ಅದರ ಹೊರಗೆ ಬೆರಳಿನಷ್ಟು ದಪ್ಪದ ಸ್ನಾಯು, ಅದಕ್ಕೂ ಹೊರಗೆ ಒಂದು ತೆಳು ಹೊದಿಕೆ. ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವುದು ಒಳಪದರದಲ್ಲಿ. ಅಲ್ಲಿಂದ ಸ್ನಾಯುವಿನೊಳಗೆ ಎಷ್ಟು ದೂರ ಹೋಗಿದೆ ಎಂದು ಮೇಡಂ ಮಿಲಿಮೀಟರಿನಲ್ಲಿ ಅಳೆಯುತ್ತಿದ್ದರು. ಗೋಡೆಯ ಅರ್ಧಕ್ಕಿಂತ ಕಡಿಮೆಯೋ, ಹೆಚ್ಚೋ? ಮುಂದಿನ ಚಿಕಿತ್ಸೆ ಬಹಳಷ್ಟು ಆ ಒಂದು ಸಾಲಿನ ಮೇಲೆ ನಿಲ್ಲುತ್ತಿತ್ತು.

ಮೊದಲು ನಿಧಾನದ್ದೊಂದನ್ನು ತೋರಿಸಿದರು. ಅದರ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು, ಒಂದೇ ಅಂಚಾಗಿ ಸ್ನಾಯುವನ್ನು ಒತ್ತಿಕೊಂಡು ಬಂದಿದ್ದವು. ಎಲ್ಲಿಗೆ ಮುಗಿಯಿತು ಎಂದು ಗೆರೆ ಎಳೆಯಬಹುದಿತ್ತು. ಆಮೇಲೆ ಸ್ಲೈಡ್ ಬದಲಿಸಿದರು. ಅಲ್ಲಿ ಅಂಚೇ ಇರಲಿಲ್ಲ. ಕೆಟ್ಟ ಜಾತಿಯವು ಮೊದಲು ಮಾಡುವುದೇ ಅಂಟಿಕೊಳ್ಳುವುದನ್ನು ಬಿಡುವುದಂತೆ. ಬಿಟ್ಟ ಜೀವಕೋಶಗಳು ಉದ್ದವಾಗಿ, ಚಪ್ಪಟೆಯಾಗಿ, ಒಂದೊಂದೇ, ಎರಡೆರಡೇ, ಸ್ನಾಯುವಿನ ಎಳೆಗಳ ನಡುವೆ ತೂರುತ್ತವೆ. ದಾರಿಯಲ್ಲಿ ಸಿಗುವ ಬಂಧಕ ಎಳೆಗಳನ್ನು ತಮ್ಮದೇ ಒಂದು ರಸದಿಂದ ಕರಗಿಸುತ್ತವೆ. ಸುತ್ತಲಿನ ಅಂಗಾಂಶ ಸಡಿಲವಾಗುತ್ತದೆ, ಬಾತುಕೊಳ್ಳುತ್ತದೆ, ಅಲ್ಲಿ ಬಿಳಿ ರಕ್ತಕಣಗಳು ಸೇರುತ್ತವೆ. ಅವಸರದಲ್ಲಿ ನೋಡಿದವರಿಗೆ ಅದು ಬರೀ ಉರಿಯೂತದ ಹಾಗೆ ಕಾಣುತ್ತದೆ. ನಡುವೆ ಒಂದು ದುಗ್ಧರಸದ ನಾಳ ಸಿಕ್ಕಿದರೆ ಅದರೊಳಗೆ ಇಳಿಯುತ್ತವೆ. ಮುಟ್ಟು ನಿಂತು ಕೆಲವು ವರ್ಷವಾದವರಲ್ಲಿ ಬರುವ ಇನ್ನೊಂದು ಜಾತಿಯುಂಟು. ಅದು ಗೋಡೆಯೊಳಗೆ ಹೆಚ್ಚು ಹೋಗುವುದೂ ಇಲ್ಲ, ಗರ್ಭಕೋಶದಿಂದ ಅಂಡಾಶಯದ ಕಡೆಗೆ ಹೋಗುವ ನಳಿಕೆಯ ಮೂಲಕ ಹೊರಟು ಹೊಟ್ಟೆಯೊಳಗೆಲ್ಲ ಬೀಳುತ್ತದೆ. ಗೋಡೆಯಲ್ಲಿ ಆಳ ಇಲ್ಲ ಎಂದು ಧೈರ್ಯ ಮಾಡಬಾರದು ಎಂದರು.

ನಾನು, ಗೆದ್ದಲು ಹಿಡಿದ ಹಾಗೆ ಅಲ್ವಾ ಮೇಡಂ ಎಂದೆ.

"ಗೆದ್ದಲು ಹೊರಗಿಂದ ಬರುದು. ಇದು ನಮ್ಮದೇ ಜೀವಕೋಶ," ಎಂದರು. "ಹಾಗೆ, ಹೀಗೆ ಅಂತ ಹೇಳ್ಬೇಡ ಮಾರಾಯ್ತಿ. ಕಂಡದ್ದು ಹೇಳು."

ಅವರಿಗೆ ಹೋಲಿಕೆಗಳು ಆಗುತ್ತಿರಲಿಲ್ಲ. ಯಾವುದೋ ಮಹಿಳಾ ಮಂಡಲದವರು ಕರಪತ್ರದಲ್ಲಿ ಕ್ಯಾನ್ಸರ್ ಎಂಬ ರಾಕ್ಷಸ ಎಂದು ಬರೆದು ತಿದ್ದಲು ಕೊಟ್ಟಾಗ ರಾಕ್ಷಸನನ್ನು ಹೊಡೆದುಹಾಕಿ, ಉಳಿದದ್ದನ್ನು ಹಾಗೇ ಬಿಟ್ಟಿದ್ದರು. ಅವರು ಕರೆದ ಭಾಷಣಕ್ಕೆ ಮಾತ್ರ ಹೋಗಲಿಲ್ಲ.

ನಾನು ಸೇರಿದ ಎಂಟನೆಯ ವರ್ಷ ಒಂದು ತಪ್ಪಾಯಿತು.

ನೆಟ್ಟಣದ ಕಡೆಯ, ಅರವತ್ತು ದಾಟಿದ ಒಬ್ಬ ಹೆಂಗಸಿನ ಗರ್ಭಕೋಶ ಬಂದಿತ್ತು. ಮೇಡಂ ನೋಡಿ, ಅರ್ಧಕ್ಕಿಂತ ಕಡಿಮೆ ಎಂದು ಬರೆದು ಕಳಿಸಿದ್ದರು. ಅಂದರೆ ಎಲ್ಲ ತೆಗೆದಾಗಿದೆ, ಮುಂದೆ ಏನೂ ಬೇಡ ಎಂದು. ಹತ್ತು ಹನ್ನೆರಡು ದಿನ ಕಳೆದು ಬೇರೊಂದು ಸ್ಲೈಡ್ ನೋಡುತ್ತಿದ್ದವರು ಎದ್ದು ಬಂದು, ಆ ನೆಟ್ಟಣದವರ ಬ್ಲಾಕ್ ತೆಗಿ ಎಂದರು. ಹೊರ ಅಂಚಿನ ಹತ್ತಿರ ಒಂದು ಕಡೆ ಅಂಗಾಂಶ ಸಡಿಲವಾಗಿದ್ದುದನ್ನು ಅವರು ಆಗ ಉರಿಯೂತ ಎಂದು ಬಿಟ್ಟಿದ್ದರಂತೆ. ಅದು ಈಗ ನೆನಪಾಯಿತಂತೆ. ಬ್ಲಾಕಿನ ಇನ್ನೂ ಒಳಗಿನ ಮಟ್ಟದಲ್ಲಿ ನಾಲ್ಕು ಎಳೆ ಕತ್ತರಿಸಿ ಕೊಟ್ಟೆ. ಮೂರನೆಯದರಲ್ಲಿ ಇತ್ತು. ಚಪ್ಪಟೆಯಾದ ಐದಾರು ಜೀವಕೋಶ, ನಾಳದ ಗೋಡೆಗೆ ಅಂಟಿಕೊಂಡು, ನಾಳದ್ದೇ ಭಾಗವೇನೋ ಎಂಬ ಹಾಗೆ. ಮೇಡಂ ಅಳೆದರು. ಇನ್ನೊಮ್ಮೆ ಅಳೆದರು. ಅರ್ಧಕ್ಕಿಂತ ಎಷ್ಟೋ ಹೆಚ್ಚಿತ್ತು.

ಆಪರೇಷನ್ ಮಾಡಿದ ಡಾಕ್ಟರಿಗೆ ಕೂಡಲೇ ಹೇಳಿದರು. ಆ ಹೆಂಗಸಿನ ಫೋನು ಸಿಗುತ್ತಿರಲಿಲ್ಲ. ಮುಂದಿನ ತಿಂಗಳು ತೋರಿಸಲು ಬರುವಾಗ ಹೇಳಿದರಾಯಿತು ಎಂದರಂತೆ ಆ ಡಾಕ್ಟರು. ಮೇಡಂ ಫೋನಿಟ್ಟು, ನಾಳೆ ನಿನಗೆ ನನ್ನ ಜೊತೆ ಬರಲಿಕ್ಕಾಗ್ತದಾ ಎಂದು ಕೇಳಿದರು.

ಬೆಳಗಿನ ರೈಲಿನಲ್ಲಿ ಹೋದೆವು. ರೋಗಿಯೊಬ್ಬರ ಮನೆಗೆ ಅವರು ಹೋದದ್ದು ಅದೇ ಮೊದಲು. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಆಕೆಗೆ ಹೇಳಬೇಕಾದದ್ದನ್ನು ತುಳುವಿನಲ್ಲಿ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. ನೆಟ್ಟಣದಲ್ಲಿ ಇಳಿದು ವಿಚಾರಿಸಿಕೊಂಡು ಹೋದಾಗ ಆಕೆ ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಾವು ಕಟ್ಟಿದ ಬೀಡಿ ಕೊಳ್ಳುವ ಬ್ರಾಂಚಿನವರೇನೋ ಎಂದುಕೊಂಡರು.

ಮೇಡಂ ಕೂರಲಿಲ್ಲ. ನಿಂತೇ, ತಾವು ಯಾರು, ಏನು ಕೆಲಸ ಮಾಡುವವರು ಎಂದು ಹೇಳಿದರು. ಆಮೇಲೆ, "ಎಲ್ಲ ಸರಿ ಉಂಟು ಅಂತ ಬರೆದದ್ದು ನಾನು. ಅದು ತಪ್ಪು. ಅಲ್ಲಿ ಇತ್ತು, ನನಗೆ ಕಾಣ್ಲಿಲ್ಲ," ಎಂದರು. ಅವರ ತುಳು ತಡವರಿಸುತ್ತಿತ್ತು. ಆದರೆ ಮಾತು ಅಡ್ಡದಾರಿ ಹಿಡಿಯಲಿಲ್ಲ.

ಆಕೆ ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿದರು. ಅದು ಹಾಗೆ ಒಳಗೆ ಹೋಗುವಾಗ ನೋವಾಗಬೇಕಿತ್ತಲ್ಲ, ನನಗೆ ಎಂತದೂ ಗೊತ್ತಾಗಲಿಲ್ಲವಲ್ಲ ಎಂದು ಕೇಳಿದರು.

"ನೋವಾಗುದಿಲ್ಲ," ಎಂದರು ಮೇಡಂ. "ನಿಮಗೂ ಗೊತ್ತಾಗ್ಲಿಲ್ಲ, ನನಗೂ ಗೊತ್ತಾಗ್ಲಿಲ್ಲ."

ಮಂಗಳೂರಿಗೆ ಹೋಗಬೇಕು, ಐದು ವಾರ ಕರೆಂಟ್, ಅಂದರೆ ರೇಡಿಯೇಷನ್, ಕೊಡಬೇಕಾಗಬಹುದು ಎಂದು ವಿವರಿಸಿದರು. ಆಕೆ ಕೇಳಿದ್ದು ಒಂದೇ ಪ್ರಶ್ನೆ. ನನ್ನ ಜೊತೆ ಬರುವುದು ಯಾರು? ಗಂಡ ಸತ್ತು ತುಂಬ ವರ್ಷವಾಗಿತ್ತು, ಮಗಳು ಮುಂಬಯಿಯಲ್ಲಿದ್ದಳು. ಮೇಡಂ ಆಸ್ಪತ್ರೆಗೆ ಕೊಡಬೇಕಾದ ಕಾಗದ ಬರೆದು ಕೊಟ್ಟರು. ಆಕೆ ಬೆಲ್ಲದ ಕಾಪಿ ಮಾಡಿ ಕೊಟ್ಟರು, ಕುಡಿದು ಬಂದೆವು. ಸ್ಟೇಷನ್ನಿನಲ್ಲಿ ಮೇಡಂ ನಲ್ಲಿಯ ಹತ್ತಿರ ಹೋಗಿ ಕನ್ನಡಕ ತೊಳೆದರು. ತುಂಬ ಹೊತ್ತು ತೊಳೆದರು.

ಮರುವಾರ ಸೋಮವಾರ ಒಂದು ಕೆಲಸ ಉಂಟು ಎಂದು ರಜೆ ಹಾಕಿದರು. ಅವರು ರಜೆ ಹಾಕಿದವರೇ ಅಲ್ಲ, ನಾನು ಹುಷಾರಿಲ್ಲವೇನೋ ಎಂದುಕೊಂಡಿದ್ದೆ. ಆ ದಿನ ಮಂಗಳೂರಿನ ಆಸ್ಪತ್ರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಆಕೆಯ ಜೊತೆ ಕೂತಿದ್ದರು ಎಂಬುದು ನನಗೆ ತಿಳಿದದ್ದು ಮುಂದಿನ ವರ್ಷ, ಆಕೆಯ ಬಾಯಿಂದಲೇ. ಚಿಕಿತ್ಸೆ ಮುಗಿದು ಚೇತರಿಸಿಕೊಂಡ ಆಕೆ ಹಲಸಿನ ಹಪ್ಪಳದ ದೊಡ್ಡ ಕಟ್ಟು ಹಿಡಿದುಕೊಂಡು ಲ್ಯಾಬಿಗೆ ಬಂದಿದ್ದರು. ಮೇಡಂ ಹೊರಗೆ ಬಂದು, ಕಟ್ಟು ತೆಗೆದುಕೊಂಡು, ಚೆಕಪ್ಪಿಗೆ ತಪ್ಪದೆ ಹೋಗ್ತೀರಲ್ಲ ಎಂದು ಕೇಳಿ ಒಳಗೆ ಹೋದರು. ಬಂದವರನ್ನು ಕೂರಿಸಿ ಮಾತಾಡಿಸುವುದು ಅವರಿಗೆ ತಿಳಿಯುತ್ತಿರಲಿಲ್ಲ. ಸಂಜೆ ಆ ಕಟ್ಟನ್ನು ನನ್ನ ಚೀಲದ ಹತ್ತಿರ ತಂದಿಟ್ಟರು. "ಒಬ್ಬಳಿಗೋಸ್ಕರ ಎಣ್ಣೆ ಇಡುದು ಯಾರು, ನೀನು ಕೊಂಡುಹೋಗು," ಎಂದರು.

ಆಕೆ ಈಗಲೂ ಇದ್ದಾರೆ. ಬೀಡಿ ಕಟ್ಟುವುದು ಬಿಟ್ಟಿದ್ದಾರಂತೆ.

ಹೋದ ಮಳೆಗಾಲದ ನಂತರ ಮೇಡಂ ಇಳಿದುಹೋದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಬುತ್ತಿಪಾತ್ರೆ ಕಿಟಕಿಗೆ ಬರುವುದು ತಡವಾಗುತ್ತಿತ್ತು. ಕುರ್ಚಿಯ ಮೇಲೆ ಒಂದು ಶಾಲು ಮಡಚಿ ಹಾಕಿ ಕೂರುತ್ತಿದ್ದರು. ವಯಸ್ಸಾಯಿತಲ್ಲ ಎಂದುಕೊಂಡೆ. ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಅವರು ನನ್ನನ್ನು ಕೇಳುತ್ತಿರಲಿಲ್ಲ, ನಾನು ಅವರನ್ನು ಕೇಳುತ್ತಿರಲಿಲ್ಲ, ಅದೇ ಮರ್ಯಾದೆ ಎಂದುಕೊಂಡಿದ್ದೆವು.

ಜನವರಿಯ ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಪರೀಕ್ಷೆಗೆ ತೆಗೆದ ಚೂರಿದ್ದ ಒಂದು ಸಣ್ಣ ಬಾಟಲಿ, ಅದರ ಕೆಳಗೆ ಫಾರಂ. ಅಕ್ಷರ ಅವರದ್ದು. ಹೆಸರೂ ಅವರದ್ದೇ. ಒಂದು ಗೆರೆಯೂ ಖಾಲಿಯಿರಲಿಲ್ಲ. ಮುಟ್ಟು ನಿಂತು ಒಂಬತ್ತು ವರ್ಷ. ರಕ್ತ ಹೋಗುವುದು ಏಳು ತಿಂಗಳಿಂದ.

ನಾನು ಫಾರಂ ಹಿಡಿದುಕೊಂಡೇ ಅವರ ಕೋಣೆಗೆ ಹೋದೆ. ಏಳು ತಿಂಗಳು ಎಂದು ಬರೆದಿದೆಯಲ್ಲ ಎಂದೆ. ಹೌದು, ಅಷ್ಟೇ ಆದದ್ದು ಎಂದರು.

"ಯಾಕೆ ಹೇಳ್ಲಿಲ್ಲ ಮೇಡಂ?"

"ಯಾರಿಗೆ ಹೇಳುದು?"

ದುಃಖದಿಂದ ಹೇಳಿದ್ದಲ್ಲ. ಸಿಗದ ಒಂದು ಬ್ಲಾಕಿನ ನಂಬರು ಕೇಳುವ ಹಾಗೆ, ನಿಜವಾಗಿಯೂ ಕೇಳಿದರು. ನಾನು ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ನಿಂತಿದ್ದೆ.

ಆ ಬ್ಲಾಕನ್ನು ಕತ್ತರಿಸುವಾಗ ಮೊದಲ ಎಳೆ ಹರಿದುಹೋಯಿತು. ಎರಡನೆಯದು ಸರಿಯಾಯಿತು. ಬಣ್ಣ ಹಾಕಿ ಒಣಗಿಸಿದ ಸ್ಲೈಡುಗಳನ್ನು ಅವರು ನೋಡಲಿಲ್ಲ. ಮಂಗಳೂರಿನಲ್ಲಿ ಅವರ ಜೊತೆ ಓದಿದ ಡಾಕ್ಟರೊಬ್ಬರಿಗೆ ಕಳಿಸಲು ಹೇಳಿದರು. "ನನ್ನದನ್ನು ನಾನು ನೋಡಿದ್ರೆ ಕಡಿಮೆ ಅಳಿತೇನೆ," ಎಂದರು.

ಅವರು ಊಟಕ್ಕೆ ಕೂತಾಗ ನಾನು ಒಂದು ಸ್ಲೈಡ್ ಇಟ್ಟು ನೋಡಿದೆ. ಮತ್ತೆ ಟ್ರೇಯಲ್ಲಿ ಇಡುವಾಗ ಜಾಗ ತಪ್ಪಿರಬೇಕು. ಅವರು ಬಂದವರೇ ಟ್ರೇ ನೋಡಿದರು.

"ಎಂತ ಕಂಡಿತು?"

ನನಗೆ ಗೊತ್ತಾಗುವುದಿಲ್ಲ ಮೇಡಂ ಎಂದೆ.

"ಹದಿನಾಲ್ಕು ವರ್ಷ ಆಯ್ತು. ಹೇಳು."

ಒಳ್ಳೆದಿಲ್ಲ ಎಂದೆ. ಒಳ್ಳೆದು ಕೆಟ್ಟದು ಬೇಡ, ಕಂಡದ್ದು ಹೇಳು ಎಂದರು. ನಾನು ಹೇಳಿದೆ. ಜೀವಕೋಶದೊಳಗಿನ ಬೀಜಗಳು ದೊಡ್ಡದಾಗಿವೆ, ಒಂದರ ಹಾಗೆ ಒಂದಿಲ್ಲ. ಸಣ್ಣ ಸಣ್ಣ ಗುಂಪಾಗಿ ಬಿಟ್ಟುಕೊಂಡು ದೂರ ದೂರ ನಿಂತಿವೆ. ನಡುನಡುವೆ ಸತ್ತವು ಇವೆ. ಹೇಳುತ್ತಾ ಹೋದ ಹಾಗೆ ಅವರು ತಲೆಯಾಡಿಸುತ್ತಿದ್ದರು, ಪರೀಕ್ಷೆಯಲ್ಲಿ ಸರಿ ಉತ್ತರ ಕೊಡುವ ಹುಡುಗಿಯ ಮುಂದೆ ಕೂತ ಹಾಗೆ. ಮುಗಿದ ಮೇಲೆ, ಸರಿಯುಂಟು ಎಂದರು. ಅಷ್ಟರಲ್ಲಿ ಸಂಪಾಜೆಯ ಫೋನು ಬಂತು. ಬುಧವಾರವಾಗಿತ್ತು. ಅವರು ಎತ್ತಿ, ಯಾವಾಗಿನ ದನಿಯಲ್ಲೇ, ಎಲ್ಲ ಲಾಯ್ಕ ಉಟ್ಟು ಎಂದರು.

ಫೆಬ್ರವರಿಯಲ್ಲಿ ಆಪರೇಷನ್ ಆಯಿತು. ಗೋಡೆಯಲ್ಲಿ ಎರಡು ಮಿಲಿಮೀಟರೂ ಹೋಗಿರಲಿಲ್ಲ. ಕರುಳಿನ ಮುಂದೆ ಪರದೆಯ ಹಾಗೆ ಇರುವ ಕೊಬ್ಬಿನ ಪದರದಲ್ಲಿ ಎಲ್ಲ ಕಡೆ ಇತ್ತು. ಕೀಮೋ ಶುರು ಮಾಡಿದರು. ಮೂರನೆಯದಕ್ಕೆ ದೇಹ ತಡೆಯಲಿಲ್ಲ, ಅವರೇ ಸಾಕು ಎಂದರು. ಅಕ್ಕನಿಗೆ ಆಗ ಹೇಳಿದ್ದು.

ಅಕ್ಕ ಬಂದು ಕರೆದುಕೊಂಡು ಹೋಗುವ ಹಿಂದಿನ ವಾರ ನಾನು ಅವರ ಮನೆಗೆ ಹೋಗಿದ್ದೆ. ಹದಿನಾಲ್ಕು ವರ್ಷದಲ್ಲಿ ಆ ಮಹಡಿ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಒಂದು ಕೋಣೆ, ಒಂದು ಅಡುಗೆಮನೆ. ಒಂದೇ ಕುರ್ಚಿ ಇತ್ತು, ಅದರಲ್ಲಿ ನನ್ನನ್ನು ಕೂರಿಸಿ ಅವರು ಮಂಚದ ಮೇಲೆ ದಿಂಬಿಗೆ ಒರಗಿದರು. ನಾನು ಕೊಂಡುಹೋದ ಗಂಜಿಯ ತಿಳಿ ನಾಲ್ಕು ಚಮಚ ಕುಡಿದರು. ಕಾಯಿಲೆಯ ಮಾತು ಎತ್ತಲಿಲ್ಲ. ನನ್ನ ಮಗಳಿಗೆ ಏನು ಇಷ್ಟ ಎಂದು ಕೇಳಿದರು. ಚಿತ್ರ ಬಿಡಿಸುತ್ತಾಳೆ ಎಂದೆ. ಎಂತದರ ಚಿತ್ರ ಎಂದು ಕೇಳಿದರು. ಆನೆ, ರೈಲು, ನನ್ನ ಅಮ್ಮ ಎಂದೆ. ಒಂದೊಂದನ್ನೂ ಬಿಡಿಸಿ ಬಿಡಿಸಿ ಕೇಳಿದರು. ಆಮೇಲೆ ಕಣ್ಣು ಮುಚ್ಚಿಕೊಂಡು, "ಸ್ಲೈಡ್ ನೋಡುವಾಗ ಒಬ್ಬಳೇ ಅಂತ ಅನಿಸ್ತಿರ್ಲಿಲ್ಲ," ಎಂದರು.

ಅವರ ಕೈ ಹಾಸಿಗೆಯ ಅಂಚಿನಲ್ಲಿತ್ತು. ಹಿಡಿದುಕೊಳ್ಳಬಹುದಿತ್ತು. ನಾನು ಎದ್ದು ಲೋಟ ಚಮಚ ತೊಳೆದೆ, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದೆ. ನಾಲ್ಕೂವರೆಯಾಯಿತು. ಬಸ್ಸಿಗೆ ಹೊತ್ತಾಯಿತು ಮೇಡಂ, ಬರುತ್ತೇನೆ ಎಂದು ಚೀಲ ತೆಗೆದುಕೊಂಡೆ.

"ಇನ್ನೊಂದು ಬಸ್ ಇಲ್ವಾ?" ಎಂದು ಕೇಳಿದರು.

ನನ್ನ ಹತ್ತಿರ ಅವರು ತಮಗಾಗಿ ಏನಾದರೂ ಕೇಳಿದ್ದಿದ್ದರೆ ಅದೊಂದೇ. ಕೇಳಿದ್ದು ಅರ್ಥವಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಇಲ್ಲ ಮೇಡಂ ಎಂದೆ. ಅವರು, ಹಾಗಾದರೆ ಹೊರಡು, ತಪ್ಪಿಸಿಕೊಳ್ಳಬೇಡ ಎಂದರು. ನಾನು ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿದೆ.

ಆರೂಕಾಲಕ್ಕೆ ಒಂದು ಇತ್ತು.